ಕೋಣದ ತಲೆ, ಕಾಗೆಯ ಮೆದುಳು

ಸುಡುಬಿಸಿಲಲ್ಲಿ ಕೋಣವೊಂದು ತನ್ನನ್ನು ಕಟ್ಟಿದ್ದ ಗೂಟವನ್ನೇ ಸುತ್ತುತ್ತ ಸುತ್ತುತ್ತ ಹಗ್ಗವನ್ನೆಲ್ಲ ಅದಕ್ಕೇ ಬಿಗಿದುಕೊಂಡಿತು. ನೀರಿನ ತೊಟ್ಟಿ ಎದುರಿಗೇ ಇದ್ದರೂ ಬಾಯಿಗೆ ಎಟುಕಲಿಲ್ಲ.

ತೊಟ್ಟಿಯ ಅಂಚಿನಲ್ಲಿ ಕೂತಿದ್ದ ಕಾಗೆ ಹೇಳಿತು: "ಎದುರು ದಿಕ್ಕಿಗೆ ಸುತ್ತು. ಹಗ್ಗ ತಾನಾಗಿ ಬಿಚ್ಚಿಕೊಳ್ಳುತ್ತದೆ."

"ನೆಲ್ಲಿಕಾಯಿಯಷ್ಟು ತಲೆ ಇಟ್ಟುಕೊಂಡು ನನಗೆ ಬುದ್ಧಿ ಹೇಳುತ್ತೀಯಾ? ನನ್ನ ತಲೆ ನೋಡು!" ಎಂದಿತು ಕೋಣ.

ಕಾಗೆಗೆ ರೇಗಿತು. "ಥೂ! ಬುಟ್ಟಿಯಲ್ಲಿ ನಾಲ್ಕು ಕುಂಬಳಕಾಯಿ ಹಿಡಿದರೆ ಬಟ್ಟಲಲ್ಲಿ ಸಾವಿರಾರು ಸಾಸಿವೆ ಹಿಡಿಯುತ್ತದೆ. ನನ್ನ ಮೆದುಳಿನ ನರಕೋಶಗಳು ಸಾಸಿವೆಯ ಹಾಗೆ ಒತ್ತೊತ್ತಾಗಿ ತುಂಬಿವೆ. ಯೋಚಿಸುವುದು ಅವು, ಬುರುಡೆಯಲ್ಲ! ಸುತ್ತು ಆ ಕಡೆಗೆ!"

ಕೋಣ ಹಟ ಹಿಡಿದು ಈ ಕಡೆಗೇ ಇನ್ನೊಂದು ಸುತ್ತು ಹಾಕಿತು. ಮೂತಿ ಗೂಟಕ್ಕೆ ಬಡಿಯಿತು. ಸಿಟ್ಟು ತಡೆಯಲಾರದೆ ಕಾಗೆ ಕಿರುಚಾಡಿತು.

ಗದ್ದಲ ಕೇಳಿ ಕೋಣದ ಒಡತಿ ಹೊನ್ನವ್ವ ಬಂದಳು. ಮೊದಲು ಕಾಗೆಯತ್ತ ಕಲ್ಲು ಬೀಸಿದಳು. ಆಮೇಲೆ ಕೋಣವನ್ನು ಎದುರು ದಿಕ್ಕಿಗೆ ನಡೆಸಿ ಹಗ್ಗ ಬಿಡಿಸಿದಳು.

ಹೊಟ್ಟೆ ತುಂಬ ನೀರು ಕುಡಿದ ಕೋಣ ಬೀಗಿತು: "ನೋಡಿದೆಯಾ? ಇಂಥದ್ದೆಲ್ಲ ದೊಡ್ಡ ತಲೆಗೇ ಹೊಳೆಯುವುದು!"

ಸೂರಿನ ಮೇಲಿಂದ ಕಾಗೆ ಕೂಗಿತು: "ಅವಳ ತಲೆ ನಿನ್ನ ತಲೆಯ ಅರ್ಧವೂ ಇಲ್ಲವಲ್ಲೋ, ಕೋಣ!"