ಬೀಗ ಹಾಕಿದ ಕೋಣೆ

“ಗುರುಗಳೇ, ಮಠದ ಅಡುಗೆಮನೆಯ ಮಾಳಿಗೆ ಹೊಸದಾಗಿ ಮಾಡಿಸಬೇಕು. ಯಾವ ಮೇಸ್ತ್ರಿಗೆ ಗುತ್ತಿಗೆ ಕೊಡೋಣ? ಒಬ್ಬನಿದ್ದಾನೆ. ಅವನಿಂದ ಮನೆ ರಿಪೇರಿ ಮಾಡಿಸಿಕೊಂಡ ಮೂವರನ್ನು ವಿಚಾರಿಸಿದೆ. ಮೂವರೂ ಒಳ್ಳೆಯವನೆಂದರು. ಅಷ್ಟು ಸಾಲದೇ?” ಎಂದು ಶಿಷ್ಯ ಅಡಿವೆಯ್ಯ ಕೇಳಿದ.

“ವಿಚಾರಿಸಿದೆಯಾ? ಭೇಷ್! ಹಾಗಾದರೆ ಕೂತು ಇದನ್ನೂ ಕೇಳು,” ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಬಳೆಗಾರ. ಅವನಿಗೆ ಒಬ್ಬಳೇ ಮಗಳು. ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಬಾಣಂತಿಗೆ ಕೊಡಬೇಕಾದ ಕೋಣೆಯ ಮಾಳಿಗೆ ಹಳತಾಗಿತ್ತು. ಅದನ್ನು ಕೆಡವಿ ಹೊಸದು ಮಾಡಿಸಲು ಒಬ್ಬ ಮೇಸ್ತ್ರಿಯನ್ನು ನೋಡಿದ. ನಿನ್ನ ಹಾಗೆ ಅವನೂ ಜಾಣನೇ. ಹೋದ ವರ್ಷ ಅದೇ ಮೇಸ್ತ್ರಿಯಿಂದ ಕೋಣೆ ಮಾಡಿಸಿದ್ದ ಗಾಣಿಗನ ಮನೆಗೆ ಹೋಗಿ ವಿಚಾರಿಸಿದ.

ಗಾಣಿಗ ಪಡಸಾಲೆಯಲ್ಲಿ ಕೂರಿಸಿ ಚಹಾ ಕೊಟ್ಟ. ಹೊಸ ಕೋಣೆಗೆ ಬೀಗ ಹಾಕಿತ್ತು. “ಒಳಗೆ ಸಾಮಾನು ತುಂಬಿದ್ದೇವೆ,” ಎಂದ. “ಮೇಸ್ತ್ರಿ ಬಂಗಾರದಂಥವನು. ಕಣ್ಣು ಮುಚ್ಚಿಕೊಂಡು ಕೊಡಿ.” ಇನ್ನೊಬ್ಬರ ಮನೆಯ ಬೀಗ ತೆಗೆಸುವುದು ಚೆನ್ನಲ್ಲವೆಂದು ಬಳೆಗಾರ ಎದ್ದು ಬಂದ. ಮೇಸ್ತ್ರಿಗೆ ಕೆಲಸ ಕೊಟ್ಟ. ಎಂಥವನನ್ನು ಹುಡುಕಿದ್ದೇನೆ ನೋಡಿ ಎಂದು ಓಣಿಯೆಲ್ಲ ಹೇಳಿಕೊಂಡು ತಿರುಗಿದ.

ಮೇಸ್ತ್ರಿ ಗೆದ್ದಲು ತಿಂದ ಹಳೆಯ ತೊಲೆಗೇ ಬಣ್ಣ ಬಳಿದು ಮತ್ತೆ ಮೇಲೇರಿಸಿದ್ದ. ಹೆರಿಗೆಯಾದ ಹನ್ನೊಂದನೆಯ ದಿನ ತೊಲೆಯ ತುದಿ ಮುರಿದು ಬಿತ್ತು. ತೊಟ್ಟಿಲಲ್ಲಿದ್ದ ಕೂಸು ಉಳಿಯಿತು. ತಾಯಿಯ ಕಾಲು ಜಜ್ಜಿಹೋಯಿತು. ಅಯ್ಯೋ, ಆ ಹುಡುಗಿ ಮತ್ತೆ ನೆಟ್ಟಗೆ ನಡೆಯಲಿಲ್ಲ.

ಬಳೆಗಾರ ಮೇಸ್ತ್ರಿಯ ಕೊರಳಪಟ್ಟಿ ಹಿಡಿಯಬೇಕಿತ್ತು. ಹಿಡಿದರೆ ಓಣಿಗೆಲ್ಲ ಗೊತ್ತಾಗುತ್ತದೆ. ಆರಿಸಿದವನು ತಾನೇ ಅಲ್ಲವೇ? ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮನೆ ಕಟ್ಟಿ ನೋಡು ಎಂದರು ಹಿರಿಯರು. ಕಟ್ಟಿದ ಮೇಲೆ ನಿಜ ಹೇಳಿ ನೋಡು ಎನ್ನಲಿಲ್ಲ. ಅವನು ಕೋಣೆಗೆ ಬೀಗ ಹಾಕಿದ. ಮಗಳು ಬಚ್ಚಲಲ್ಲಿ ಜಾರಿಬಿದ್ದಳೆಂದು ಬೀಗರಿಗೆ ಹೇಳಿ ಕಳಿಸಿದ. ಐದು ತಿಂಗಳಾದರೂ ಗಂಡನ ಮನೆಯಿಂದ ಕರೆಯಲು ಯಾರೂ ಬರಲಿಲ್ಲ.

ಆಗ ಒಂದು ದಿನ ಒಬ್ಬ ನೇಕಾರ ಬಂದ. “ನನ್ನ ಮಗಳೂ ಬಾಣಂತನಕ್ಕೆ ಬರುತ್ತಾಳೆ. ಕೋಣೆ ರಿಪೇರಿಯಾಗಬೇಕು. ನಿಮ್ಮ ಮೇಸ್ತ್ರಿ ಹೇಗೆ, ಅಣ್ಣಾ?” ಎಂದು ಕೇಳಿದ.

ಅಷ್ಟರಲ್ಲಿ ಮಗಳು ಗೋಡೆ ಹಿಡಿದುಕೊಂಡು ಕುಂಟುತ್ತ ಬಂದು ಚಹಾ ಇಟ್ಟಳು. ಅಲ್ಲೇ ನಿಂತು ಅಪ್ಪನ ಮುಖ ನೋಡಿದಳು. ಅವನು ಈಗ ಹೇಳುತ್ತಾನೆ ಎಂದು ಅವಳಿಗೆ ಅನ್ನಿಸಿತ್ತು.

“ಬಂಗಾರದಂಥವನು,” ಎಂದ ಬಳೆಗಾರ. “ಕಣ್ಣು ಮುಚ್ಚಿಕೊಂಡು ಕೊಡಿ.”

ನೇಕಾರ ಕೈ ಮುಗಿದು ಹೋದ. ಮಗಳು ಲೋಟ ತೆಗೆದುಕೊಂಡು ಒಳಗೆ ಹೋದಳು. ಆಮೇಲೆ ಅವಳು ಅವನನ್ನು ಅಪ್ಪಾ ಎಂದು ಕರೆಯಲಿಲ್ಲ.

ಗುರುಗಳು ಕಥೆ ಮುಗಿಸಿದರು. ಅಡಿವೆಯ್ಯನಿಗೆ ಸಂಕಟವಾಯಿತು, ಸಿಟ್ಟೂ ಬಂತು. “ಥೂ, ಎಂಥ ಅಪ್ಪ ಅವನು! ನಾನಾಗಿದ್ದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಿದ್ದೆ,” ಎಂದ.

“ಮಠ ಸೇರಲು ಬಂದವನೊಬ್ಬ ನಿನ್ನೆ ಬಾಗಿಲಲ್ಲಿ, ಹನ್ನೆರಡು ವರ್ಷ ಇಲ್ಲಿದ್ದು ನಿನಗೇನು ಸಿಕ್ಕಿತು ಎಂದು ಕೇಳಿದನಲ್ಲ, ಅವನಿಗೆ ಏನು ಹೇಳಿದೆ? ಕಣ್ಣು ಮುಚ್ಚಿಕೊಂಡು ಸೇರು ಎಂದೆಯಲ್ಲವೇ?” ಎಂದರು ಗುರುಗಳು.