ಬೆನ್ನ ಮೇಲೆ ಕಾಲಿಟ್ಟ ಕೆಂಚ

ಒಂದು ಕಾಡಿನಲ್ಲಿ ಒಂದೇ ಒಂದು ಕಟ್ಟಳೆ ಇತ್ತು. ಯಾರೂ ಯಾರ ಬೆನ್ನ ಮೇಲೂ ಕಾಲಿಡಬಾರದು. ಜಗಳವಾಡಬಹುದಿತ್ತು, ಹುಲ್ಲು ಕಸಿದುಕೊಳ್ಳಬಹುದಿತ್ತು, ತೀರಾ ಸಿಟ್ಟು ಬಂದರೆ ಹಾಯಲೂಬಹುದಿತ್ತು. ಬೆನ್ನು ಮಾತ್ರ ಮುಟ್ಟುವಂತಿರಲಿಲ್ಲ. ಯಾಕೆ ಅಂತೀರಾ? ಆ ಕಾಡಿನಲ್ಲಿ ಬೆನ್ನ ಮೇಲೆ ಕಾಲಿಡುತ್ತಿದ್ದದ್ದು ಚಿರತೆ ಮಾತ್ರ. ಬೆನ್ನಿಗೆ ಭಾರ ಬಿತ್ತು ಅಂದರೆ ಕತೆ ಮುಗಿಯಿತು, ತಿರುಗಿ ನೋಡಲೂ ಪುರುಸೊತ್ತು ಸಿಗುತ್ತಿರಲಿಲ್ಲ. ಅದಕ್ಕೇ ತಾಯಂದಿರು ಹಾಲು ಕುಡಿಸುವಾಗಲೇ ಮರಿಗಳಿಗೆ ಈ ಮಾತು ಕಲಿಸುತ್ತಿದ್ದರು.

ಇಂಥ ಕಾಡಿಗೆ ಒಂದು ದಿನ ಒಂದು ಸಾಕುನಾಯಿ ಬಂತು. ಅವನ ಹೆಸರು ಕೆಂಚ. ಕುತ್ತಿಗೆಯಲ್ಲಿ ನೀಲಿ ಪಟ್ಟಿ, ಮೈತುಂಬ ಮುಳ್ಳು, ಹೊಟ್ಟೆ ಬೆನ್ನಿಗೆ ಹತ್ತಿತ್ತು. ಎಲ್ಲಿಂದ ಬಂದೆ ಎಂದು ಕೇಳಿದರೆ ಬಾಯಿ ಬಿಡಲಿಲ್ಲ. ಕಾಡಿಗೆ ಹಿರಿಯ ಒಬ್ಬ ಮುದಿ ಕಡವೆ. ಎಲ್ಲರೂ ಅವನನ್ನು ದೊಡ್ಡಪ್ಪ ಎನ್ನುತ್ತಿದ್ದರು. ದೊಡ್ಡಪ್ಪನಿಗೆ ಕನಿಕರ ಬಂತು.

"ಹೊಂಡದಲ್ಲಿ ಏಡಿ ಇದೆ, ಮೀನಿದೆ. ತಿಂದುಕೊಂಡು ಇಲ್ಲೇ ಇರು. ನಮ್ಮ ಮರಿಗಳು ಮಲಗುವ ಹುಲ್ಲುಗಾವಲನ್ನು ಕಾಯಿ. ಗೊತ್ತಿಲ್ಲದ ವಾಸನೆ ಬಂದರೆ ಬೊಗಳು," ಎಂದ.

ಕೆಂಚ ಚೆನ್ನಾಗಿ ಕಾದ. ಅವನು ಬರುವ ಮೊದಲು ಆ ಹುಲ್ಲುಗಾವಲಿನಿಂದ ಮೊಲದ ಮರಿಗಳು, ನವಿಲಿನ ಮರಿಗಳು, ಆಗೊಮ್ಮೆ ಈಗೊಮ್ಮೆ ಎಳೆ ಜಿಂಕೆಗಳು ಮಾಯವಾಗುತ್ತಿದ್ದವು. ಅವನು ಬಂದ ಮೇಲೆ ಒಂದೂ ಮಾಯವಾಗಲಿಲ್ಲ. ಕಾಡಿಗೆಲ್ಲ ಸಂತೋಷವಾಯಿತು. ನರಿಮಾವನೊಬ್ಬ ಮಾತ್ರ ದಿನದಿನಕ್ಕೆ ಬಡಕಲಾದ.

ಈ ನರಿಮಾವ ಎಂಥವನು ಗೊತ್ತೇ? ಮರಿ ಕಳೆದಾಗಲೆಲ್ಲ "ಅಯ್ಯೋ, ಚಿರತೆ ಒಯ್ದಿತಲ್ಲಪ್ಪ" ಎಂದು ಹೆತ್ತವರಿಗಿಂತ ಜೋರಾಗಿ ಅಳುತ್ತಿದ್ದ. ಅಳುವಾಗ ಅವನ ಹಲ್ಲಿನ ಸಂದಿಯಲ್ಲಿ ನವಿಲುಗರಿ ಕಾಣುತ್ತಿತ್ತು. ನೋಡಿದವರು ಕೇಳಲಿಲ್ಲ. ಅಷ್ಟು ಚೆನ್ನಾಗಿ ಅಳುವವನನ್ನು ಕೇಳುವುದು ಹೇಗೆ ಅಂತ ಸುಮ್ಮನಾದರು. ಅವರ ಮಂಕುತನಕ್ಕೆ ಏನು ಹೇಳೋಣ.

ಹೀಗಿರುವಾಗ ಮೊದಲ ಮಳೆ ಬಂತು. ಮರಿಗಳೆಲ್ಲ ಹುಲ್ಲುಗಾವಲಿಗೆ ನುಗ್ಗಿ ಕುಣಿದವು. ಕಪ್ಪೆ ಕೂಗಿದವು, ನವಿಲು ಕೂಗಿದವು, ಎಲ್ಲ ಕಡೆ ಗಲಾಟೆಯೋ ಗಲಾಟೆ. ಕೆಂಚನೂ ಮರಿಗಳ ನಡುವೆ ಸುತ್ತು ಹೊಡೆದ. ಓಡಿ ಓಡಿ ಅವನ ಕಣ್ಣು ಅರಳಿತು, ನಾಲಿಗೆ ಹೊರಗೆ ಬಂತು. ಆಮೇಲೆ ಏನಾಯಿತೋ, ಚುಕ್ಕವ್ವ ಎಂಬ ಜಿಂಕೆಯ ಮರಿ ಬೊಟ್ಟುವಿನ ಬೆನ್ನ ಮೇಲೆ ಎರಡೂ ಮುಂಗಾಲು ಹಾಕಿ ಗಟ್ಟಿಯಾಗಿ ತಬ್ಬಿಕೊಂಡು ಸೊಂಟ ಆಡಿಸಿದ.

ಕುಣಿತ ನಿಂತಿತು. ಕಾಡಿಗೆ ಕಾಡೇ ಗರಬಡಿದಂತೆ ನೋಡಿತು. ಬೊಟ್ಟು ಮೈ ಕೊಡವಿಕೊಂಡು ಓಡಿಹೋದ, ಅವನಿಗೆ ಒಂದು ಗೀರೂ ಆಗಿರಲಿಲ್ಲ. ಕೆಂಚ ಮಾತ್ರ ಎಲ್ಲರ ಮುಖ ನೋಡಿ, ಕಿವಿ ಮಡಚಿಕೊಂಡು, ಲಂಟಾನ ಪೊದೆಯೊಳಗೆ ತೂರಿಕೊಂಡ.

ಅಲ್ಲಿಗೇ ಮುಗಿಯಲಿಲ್ಲ. ಮುಳ್ಳುಹಂದಿಗಳು ಜಗಳವಾಡಿದ ದಿನ ಕೆಂಚ ಕಾಡುಹಂದಿಯ ಸೊಂಟ ಹತ್ತಿದ. ಸಿಡಿಲು ಹೊಡೆದ ದಿನ ದೊಡ್ಡಪ್ಪನ ಹಿಂಗಾಲನ್ನೇ ತಬ್ಬಿಕೊಂಡ. ದೊಡ್ಡಪ್ಪ ಹೆದರಿ ಹೊಂಡಕ್ಕೆ ಹಾರಿದ.

ನಗಬೇಡಿ ಮಕ್ಕಳೇ. ದೊಡ್ಡವರು ಗಂಟಲು ಸರಿಮಾಡಿಕೊಳ್ಳುವುದೂ ಬೇಡ. ನೀವು ಅಂದುಕೊಂಡದ್ದಲ್ಲ ಇದು. ಮರಿ ಹಾಕುವ ಕಾಲಕ್ಕೆ ಪ್ರಾಣಿಗಳು ಜೊತೆಗೂಡುವುದು ಬೇರೆ ಮಾತು, ಅದು ಎಲ್ಲ ಜೀವಕ್ಕೂ ಇದ್ದದ್ದೇ. ಇಲ್ಲಿ ನಡೆದದ್ದು ಬೇರೆ. ಸುಮ್ಮನೆ ಕೇಳಿ.

ಲಂಟಾನ ಪೊದೆಯ ಹತ್ತಿರ ನರಿಮಾವ ಬಂದು ಕೂತ.

"ಏನಪ್ಪಾ ಕೆಂಚ, ಮುಖ ಯಾಕೆ ಹೀಗೆ ಸೊರಗಿದೆ?"

"ನಾನು ಬೇಕೂಂತ ಮಾಡಿದ್ದಲ್ಲ ಮಾವ," ಎಂದ ಕೆಂಚ. "ಗಲಾಟೆಯಾದರೆ, ಎಲ್ಲರೂ ಸುತ್ತ ಸೇರಿ ನನ್ನನ್ನೇ ನೋಡಿದರೆ, ಒಳಗೆ ಏನೋ ಉಕ್ಕಿ ಬರುತ್ತೆ. ಖುಷಿಯಾದರೂ ಅಷ್ಟೆ, ಹೆದರಿಕೆಯಾದರೂ ಅಷ್ಟೆ. ಓಡಬೇಕೋ ನಿಲ್ಲಬೇಕೋ ತಿಳಿಯಲ್ಲ. ಅಷ್ಟರಲ್ಲಿ ಮುಂಗಾಲು ಎದ್ದುಬಿಟ್ಟಿರುತ್ತೆ."

"ಆಮೇಲೆ?"

"ಆಮೇಲೆ ಏನಿಲ್ಲ. ಯಾರಾದರೂ ಮೆಲ್ಲಗೆ ಬಾ ಅಂತ ಆಚೆ ಕರೆದರೆ ಇಳಿದುಬಿಡ್ತೀನಿ."

ಅಷ್ಟರಲ್ಲಿ ಪಕ್ಕದಲ್ಲಿ ಒಂದು ಒಣ ಮರ ಮುರಿದು ಬಿತ್ತು. ಕೆಂಚ ಬೆಚ್ಚಿಬಿದ್ದು ನರಿಮಾವನ ಬೆನ್ನಿಗೇ ಕಾಲು ಹಾಕಿದ. ನರಿಮಾವ ಕದಲಲಿಲ್ಲ. "ಇಳಿಯಪ್ಪ, ಬಾ," ಎಂದ. ಕೆಂಚ ಇಳಿದ. ಕಚ್ಚಲಿಲ್ಲ, ಪರಚಲಿಲ್ಲ.

ಇಡೀ ಕಾಡಿನಲ್ಲಿ ಈ ನಾಯಿಯನ್ನು ಸರಿಯಾಗಿ ಅರ್ಥಮಾಡಿಕೊಂಡ ಮೊದಲ ಪ್ರಾಣಿ ನರಿಮಾವ. ಅರ್ಥಮಾಡಿಕೊಂಡು ಆ ಪಾಪಿ ಮಾಡಿದ್ದೇನು ಕೇಳಿ. ನೆಟ್ಟಗೆ ದೊಡ್ಡಪ್ಪನ ಬಳಿಗೆ ಹೋದ.

"ದೊಡ್ಡಪ್ಪ, ಹೇಳಲು ನನಗೇ ನಾಲಿಗೆ ಬರುತ್ತಿಲ್ಲ. ಆ ಕೆಂಚ ಚಿರತೆಯ ಶಿಷ್ಯ. ಬೆನ್ನೇರುವ ವಿದ್ಯೆಯನ್ನು ನಮ್ಮ ಮಕ್ಕಳ ಮೇಲೆ ಅಭ್ಯಾಸ ಮಾಡುತ್ತಿದ್ದಾನೆ. ಇವತ್ತು ಕಾಲಿಟ್ಟ. ನಾಳೆ ಹಲ್ಲಿಡುತ್ತಾನೆ."

ಹೌದಲ್ಲ, ಬೇರೆ ಇನ್ನೇನಿರಲು ಸಾಧ್ಯ ಅಂತ ದೊಡ್ಡಪ್ಪನಿಗೆ ಅನ್ನಿಸಿತು.

"ಸುಮ್ಮನೆ ತಪ್ಪು ಹೊರಿಸುವುದು ಬೇಡ," ಎಂದ ನರಿಮಾವ, ತಾನೇ ನ್ಯಾಯವಂತ ಎಂಬಂತೆ. "ಪರೀಕ್ಷೆ ಮಾಡೋಣ. ನಾಳೆ ಬೆಳಿಗ್ಗೆ ಎಲ್ಲರೂ ಅವನ ಸುತ್ತ ನಿಲ್ಲೋಣ, ಒಟ್ಟಿಗೆ ಕೂಗೋಣ. ತಪ್ಪಿಲ್ಲದವನಾದರೆ ಕಲ್ಲಿನಂತೆ ನಿಂತಿರುತ್ತಾನೆ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಹಾಗೆ.

ಬೆಳಿಗ್ಗೆ ಎಲ್ಲರೂ ಸುತ್ತ ನಿಂತರು. ಕೆಂಚನನ್ನು ನಡುವೆ ನಿಲ್ಲಿಸಿದರು. ಹಂದಿ ಗುರುಗುಟ್ಟಿತು, ಮಂಗಗಳು ಕೊಂಬೆ ಅಲುಗಿಸಿದವು, ಕಡವೆಗಳು ಕಾಲು ಬಡಿದವು. ಎಲ್ಲರ ಕಣ್ಣೂ ಅವನ ಮೇಲೆ. ಕೆಂಚ ನಡುಗಿದ. ಆಕಳಿಸಿದ, ಮೂತಿ ನೆಕ್ಕಿಕೊಂಡ, ಬಾಲವನ್ನು ಹೊಟ್ಟೆಯ ಕೆಳಗೆ ಸೇರಿಸಿದ. ಅದು ಹೆದರಿದ ನಾಯಿಯ ಲಕ್ಷಣ ಎಂದು ಯಾರಿಗೂ ತಿಳಿಯಲಿಲ್ಲ. ತಿಳಿದವನು ಬಾಯಿ ಬಿಡಲಿಲ್ಲ. ಕೂಗು ಇನ್ನೂ ಏರಿತು. ಕೆಂಚ ದಿಕ್ಕು ತೋಚದೆ ಓಡಿ, ಎದುರು ಸಿಕ್ಕ ಬೊಟ್ಟುವಿನ ಬೆನ್ನಿಗೆ ಮತ್ತೆ ಕಾಲು ಹಾಕಿದ.

"ನೋಡಿದಿರಾ?" ಎಂದ ನರಿಮಾವ ಮೆಲ್ಲಗೆ.

ಚುಕ್ಕವ್ವ ಮರಿಯನ್ನು ಎಳೆದುಕೊಂಡಳು. "ಇವನು ಇಲ್ಲಿದ್ದರೆ ನಾನು ಈ ಕಾಡಿನಲ್ಲಿರಲ್ಲ. ಬಂಡೆಕಣಿವೆಗೆ ಅಟ್ಟಿ. ತನ್ನ ಗುರುವಿನ ಜೊತೆಗೇ ಇರಲಿ," ಎಂದಳು.

ಬಂಡೆಕಣಿವೆ ಚಿರತೆಯ ಜಾಗ. ಅಲ್ಲಿಗೆ ಹೋದ ನಾಯಿ ಬದುಕಿ ಬರುವುದುಂಟೇ? ಎಲ್ಲರಿಗೂ ಗೊತ್ತಿತ್ತು. ಆದರೂ ಎಲ್ಲರೂ ತಲೆಯಾಡಿಸಿದರು.

"ಅಕ್ಕಾ, ಬೊಟ್ಟುಗೆ ನೋವಾಯಿತೇ?" ಎಂದು ಕೇಳಿದ ಕೆಂಚ. ಚುಕ್ಕವ್ವ ಮುಖ ತಿರುಗಿಸಿದಳು. ಕೆಂಚ ತಲೆತಗ್ಗಿಸಿ ಕಣಿವೆಯ ದಾರಿ ಹಿಡಿದ. ಹುಲ್ಲುಗಾವಲಿನ ಕಾವಲನ್ನು ನರಿಮಾವನಿಗೆ ಒಪ್ಪಿಸಿದರು. ಬೇಲಿಯೇ ಎದ್ದು ಹೊಲ ಮೇಯಲು ಹೊರಟಿತು.

ಮಧ್ಯಾಹ್ನ ಮತ್ತೆ ಒಂದು ತುಂತುರು ಮಳೆ ಬಂತು. ಮರಿಗಳು ಮತ್ತೆ ಕುಣಿದವು. ಚುಕ್ಕವ್ವ ಮೇಯುತ್ತಾ ತಲೆಯೆತ್ತಿ ನೋಡಿದಳು. ಅವಳ ಬೊಟ್ಟು, ಅವಳು ಹೆತ್ತ ಮಗ, ಇನ್ನೊಂದು ಜಿಂಕೆಮರಿಯ ಬೆನ್ನ ಮೇಲೆ ಎರಡೂ ಮುಂಗಾಲು ಹಾಕಿ ನಿಂತಿದ್ದ. ಥೇಟು ಕೆಂಚನ ಹಾಗೆ.

ಚುಕ್ಕವ್ವನ ಬಾಯಲ್ಲಿದ್ದ ಹುಲ್ಲು ಕೆಳಗೆ ಬಿತ್ತು. ಓಡಿಹೋಗಿ ಅವನನ್ನು ಕೆಳಗೆ ತಳ್ಳಿದಳು.

"ಯಾರು ಕಲಿಸಿದ್ದೋ ಇದನ್ನ?"

"ಯಾರೂ ಇಲ್ಲಮ್ಮ. ಕುಣೀತಾ ಕುಣೀತಾ ಬಂತು."

"ಕೆಂಚ ಕಲಿಸಿದನೇ? ನಿಜ ಹೇಳು."

"ಕೆಂಚಮಾಮ ಬರೋಕೆ ಮೊದಲೂ ಆಡ್ತಿದ್ವಿ. ನೀನಿದ್ದಾಗ ಆಡಲ್ಲ, ಬೈತೀಯಲ್ಲ."

ಚುಕ್ಕವ್ವ ಅವನ ಬೆನ್ನು ಮೂಸಿ ನೋಡಿ ಕೇಳಿದಳು, "ಬೆಳಿಗ್ಗೆ ಅವನು ನಿನ್ನ ಮೇಲೆ ಕಾಲು ಹಾಕಿದಾಗ ಏನಾಯಿತು?"

"ಏನೂ ಆಗಲಿಲ್ಲ. ಅವನ ಎದೆ ಢವಢವ ಅಂತ ಹೊಡ್ಕೋತಿತ್ತು. ತುಂಬ ಹೆದರಿದ್ದ ಅಮ್ಮ. ನೀವೆಲ್ಲ ಯಾಕೆ ಹಾಗೆ ಕೂಗಿದ್ರಿ?"

ಚಿರತೆಗೆ ಹೆದರಿ ಬಾಳಿದವಳು ಅವಳು. ತನ್ನನ್ನು ನೋಡಿ ಇನ್ನೊಂದು ಜೀವ ಹೆದರಿತು ಎಂದರೆ ಅವಳಿಗೆ ನಂಬಲಾಗಲಿಲ್ಲ. ನಂಬಿದಾಗ ಅವಳಿಗೆ ನಾಚಿಕೆಯಾಯಿತು. ಬೊಟ್ಟುವನ್ನು ಹುಲ್ಲುಗಾವಲಿನಲ್ಲೇ ಬಿಟ್ಟು, ಅವಳು ಬಂಡೆಕಣಿವೆಯ ಕಡೆ ಓಡಿದಳು.

ಕೆಂಚ ಕಣಿವೆಯ ಬಾಯಲ್ಲಿ ಮುದುರಿ ಮಲಗಿದ್ದ. ಒಳಗೆ ಹೋಗಲು ಧೈರ್ಯವಿಲ್ಲ, ಹಿಂದೆ ಬರಲು ಮುಖವಿಲ್ಲ.

"ಏಳಪ್ಪ," ಎಂದಳು ಚುಕ್ಕವ್ವ. "ಒಂದು ಮಾತು ಕೇಳಬೇಕು. ಬೆಳಿಗ್ಗೆಯೇ ಕೇಳಬೇಕಿತ್ತು. ಯಾಕೆ ಹಾಗೆ ಮಾಡುತ್ತೀಯ?"

ಕೆಂಚ ನರಿಮಾವನಿಗೆ ಹೇಳಿದ್ದನ್ನೇ ಹೇಳಿದ. ಆಮೇಲೆ ಯಾರಿಗೂ ಹೇಳದಿದ್ದ ಮಾತನ್ನೂ ಹೇಳಿದ. "ನಾನಿದ್ದ ಮನೆಯಲ್ಲಿ ಮಕ್ಕಳ ಕಾಲು ಹೀಗೇ ತಬ್ಬುತ್ತಿದ್ದೆ. ಮಕ್ಕಳು ಚಪ್ಪಾಳೆ ತಟ್ಟಿ ನಗುತ್ತಿದ್ದರು, ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. ಅವರಿಗೆ ಇಷ್ಟ ಅಂದುಕೊಂಡೆ. ಒಂದು ದಿನ ದೊಡ್ಡ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರು. ಮನೆ ತುಂಬ ಹೊಸ ವಾಸನೆ, ಹೊಸ ಮಾತು. ನನಗೆ ಒಳಗೆ ಉಕ್ಕಿ ಬಂತು. ಗಂಡಿನ ಸೋದರಮಾವನ ಕಾಲು ತಬ್ಬಿಬಿಟ್ಟೆ. ಅವರು ಉಪ್ಪಿಟ್ಟಿನ ತಟ್ಟೆ ಇಟ್ಟು ಎದ್ದರು. ಆವತ್ತು ಯಾರೂ ನಗಲಿಲ್ಲ. ಮರುದಿನ ನನ್ನನ್ನು ಕಾರಿನಲ್ಲಿ ಈ ಕಾಡಿನ ರಸ್ತೆಗೆ ಕರೆದುಕೊಂಡು ಬಂದರು. ಬಿಸ್ಕತ್ತು ದೂರ ಎಸೆದರು. ನಾನು ಕಚ್ಚಿಕೊಂಡು ಬಂದು ನೋಡಿದರೆ ಕಾರು ಇರಲಿಲ್ಲ."

ಚುಕ್ಕವ್ವ ಕಾಡಿನಲ್ಲಿ ಎಷ್ಟೋ ಸಾವು ನೋಡಿದ್ದಳು. ಸಾಕಿದವರೇ ಹೀಗೆ ಮಾಡುವುದನ್ನು ಕೇಳಿರಲಿಲ್ಲ.

"ಇದನ್ನೆಲ್ಲ ಕಾಡಿನಲ್ಲಿ ಯಾರಿಗಾದರೂ ಹೇಳಿದ್ದೆಯಾ?"

"ಮನೆಯ ಮಾತು ಹೇಳಿರಲಿಲ್ಲ ಅಕ್ಕಾ. ಗಲಾಟೆಗೆ ಹೀಗಾಗುತ್ತೆ ಅಂತ ನರಿಮಾವನಿಗೆ ಹೇಳಿದ್ದೆ. ಪರೀಕ್ಷೆಯ ಹಿಂದಿನ ದಿನ."

ಗೊತ್ತಿದ್ದೂ ಕೂಗಿಸಿದನಲ್ಲ ಎಂದುಕೊಂಡಳು ಚುಕ್ಕವ್ವ. ಮತ್ತೆ ಆ ನರಿಮಾವನ ಕಾವಲಿನಲ್ಲೇ ಅವಳು ಬೊಟ್ಟುವನ್ನು ಬಿಟ್ಟು ಬಂದಿದ್ದಳು.

ಇಬ್ಬರೂ ಓಡಿದರು. ಹೊತ್ತು ಇಳಿಯುತ್ತಿತ್ತು. ಹುಲ್ಲುಗಾವಲಿನಲ್ಲಿ ಮರಿಗಳು ಮಲಗಿದ್ದವು, ಎತ್ತರದ ಹುಲ್ಲಿನೊಳಗೆ ನರಿಮಾವ ಹೊಟ್ಟೆ ಎಳೆಯುತ್ತಾ ಬೊಟ್ಟುವಿನ ಕಡೆ ತೆವಳುತ್ತಿದ್ದ. ಎಷ್ಟು ದಿನದ ಹಸಿವೋ ಏನೋ, ಅವನಿಗೆ ಬೇರೆ ಏನೂ ಕಾಣಲಿಲ್ಲ, ಕೇಳಲಿಲ್ಲ. ಕಾವಲಿಲ್ಲದ ಹುಲ್ಲುಗಾವಲಿನ ಸುದ್ದಿ ಇನ್ನೊಬ್ಬರಿಗೂ ಮುಟ್ಟಿತ್ತು.

ಕೆಂಚನ ಮೂಗಿಗೆ ದೂರದಿಂದಲೇ ಆ ಇನ್ನೊಬ್ಬರ ವಾಸನೆ ಹೊಡೆಯಿತು. ಅವನು ಒಂದೇ ಸಮನೆ ಬೊಗಳಿದ. ಮರಿಗಳು ಎದ್ದವು. ಕಡವೆ, ಜಿಂಕೆ, ಮೊಲ, ಬೊಟ್ಟು ಎಲ್ಲರೂ ಹೊಂಡದ ಆಚೆ ದಡಕ್ಕೆ ಚೆಲ್ಲಾಪಿಲ್ಲಿಯಾಗಿ ಓಡಿದರು. ನರಿಮಾವ ಮಾತ್ರ ಓಡಲಿಲ್ಲ. ನಾಯಿ ತನ್ನನ್ನು ಕಂಡು ಬೊಗಳಿತು ಎಂದುಕೊಂಡ. ಅವನಿಗೆ ಸಿಟ್ಟು ನೆತ್ತಿಗೇರಿತು.

ಆಗ ಅವನ ಬೆನ್ನ ಮೇಲೆ ಎರಡು ಮುಂಗಾಲು ಬಿದ್ದವು.

ಬೇರೆ ಯಾವ ಪ್ರಾಣಿಯಾಗಿದ್ದರೂ ಜೀವ ಹಿಡಿದು ಹಾರುತ್ತಿತ್ತು. ನರಿಮಾವ ತಿರುಗಿ ಕೂಡ ನೋಡಲಿಲ್ಲ. "ಇಳಿಯೋ ನಾಚಿಕೆಗೆಟ್ಟವನೇ," ಎಂದ.

ಕಾಲು ಇಳಿಯಲಿಲ್ಲ. ಉಗುರು ಹೊರಗೆ ಬಂತು. ಅದು ಕೆಂಚನ ಕಾಲಾಗಿರಲಿಲ್ಲ.

ಆಚೆ ದಡದಲ್ಲಿ ನಿಂತ ಪ್ರಾಣಿಗಳು ಕಣ್ಣು ಮಿಟುಕಿಸದೆ ನೋಡಿದವು. ಚಿರತೆ ನರಿಯನ್ನು ಕಚ್ಚಿಕೊಂಡು ಕಣಿವೆಗೆ ಇಳಿಯಿತು. ಯಾರೂ ಸಂತೋಷಪಡಲಿಲ್ಲ. ಬೆಳಗಾದ ಮೇಲೆ ನರಿಮಾವನ ಬಿಲವನ್ನು ಕಾಡುಹಂದಿ ಅಗೆಯಿತು. ಒಳಗೆ ನವಿಲುಗರಿ, ಮೊಲದ ಕಿವಿ, ಎಳೆ ಜಿಂಕೆಯ ಗೊರಸುಗಳು ರಾಶಿ ಬಿದ್ದಿದ್ದವು. ತಾಯಂದಿರು ಒಬ್ಬೊಬ್ಬರಾಗಿ ಬಂದು ನೋಡಿ ಹಿಂದಿರುಗಿದರು. ಇಷ್ಟು ವರ್ಷ ತಮ್ಮ ಜೊತೆ ಕೂತು ಅತ್ತವನು ಇವನೇ ಎಂಬುದು ಅವರಿಗೆ ಅರಗಲಿಲ್ಲ.

ದೊಡ್ಡಪ್ಪ ಕೆಂಚನ ಮುಂದೆ ಬಂದು ಕೊಂಬು ತಗ್ಗಿಸಿದ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದರು. ನಾವು ಕಣ್ಣಿನಿಂದ ನೋಡಿದೆವು, ನೋಡಿದ್ದಷ್ಟೇ ಸಾಕು ಅಂದುಕೊಂಡೆವು. ತಪ್ಪಾಯಿತಪ್ಪ. ಇಲ್ಲೇ ಇರು," ಎಂದ.

ಅಷ್ಟು ಕೇಳಿದ್ದೇ ತಡ, ಮರಿಗಳೆಲ್ಲ ಕೂಗುತ್ತಾ ಕೆಂಚನನ್ನು ಮುತ್ತಿಕೊಂಡವು. ಕೆಂಚನ ಕಣ್ಣು ಅರಳಿತು, ನಾಲಿಗೆ ಹೊರಗೆ ಬಂತು, ಅವನು ಎದ್ದು ದೊಡ್ಡಪ್ಪನ ಹಿಂಗಾಲನ್ನು ಮತ್ತೆ ತಬ್ಬಿಕೊಂಡ.

ದೊಡ್ಡಪ್ಪನ ರೋಮವೆಲ್ಲ ನೆಟ್ಟಗೆ ನಿಂತಿತು. ಬೆಚ್ಚದಿರಲು ಅವನಿಂದ ಆಗಲಿಲ್ಲ, ಅದು ಹುಟ್ಟಿನಿಂದ ಬಂದ ಭಯ. ಆದರೆ ಈ ಸಲ ಅವನು ಹೊಂಡಕ್ಕೆ ಹಾರಲಿಲ್ಲ. ಮರಿಗಳಿಗೆ ಸುಮ್ಮನಿರಿ ಎಂದ. ಮೆಲ್ಲಗೆ, "ಬಾರಪ್ಪ, ಆಚೆ ಒಂದು ಸುತ್ತು ಹೋಗಿ ಬರೋಣ," ಎಂದು ಕರೆದ. ಕೆಂಚ ಇಳಿದ. ಇಬ್ಬರೂ ಮರಗಳ ನಡುವೆ ನಡೆದುಕೊಂಡು ಹೋದರು.

ನೀತಿ: ಒಬ್ಬರ ನಡತೆ ಕಂಡು ಬೆಚ್ಚಿದರೆ ಶಿಕ್ಷೆಗಿಂತ ಮೊದಲು ಕಾರಣ ಕೇಳಬೇಕು; ಕಾರಣ ತಿಳಿದೂ ಇನ್ನೊಬ್ಬರ ಮೇಲೆ ಅಪವಾದ ಹೊರಿಸುವವನಿಗೆ ಕೇಡು ತಪ್ಪದು.