ಗುಂಡಿಗೊಂದು ಗುದ್ದಲಿ ಪೂಜೆ

ಮನುಷ್ಯರನ್ನು ಮಲದ ಗುಂಡಿಗೆ ಇಳಿಸುವುದು ಅಪರಾಧ. ನಮ್ಮೂರ ಪುರಸಭೆ ಅಧ್ಯಕ್ಷರು ಆ ಅಪರಾಧಕ್ಕೊಂದು ಹೊಸ ಹೆಸರು ಹುಡುಕಿದರು.

"ಇಳಿಯೋ ಓಬಳೇಶ. ಇದು ಮಲ ಅಲ್ಲ, ಸೆಪ್ಟೇಜು."

ಸೆಪ್ಟಿಕ್ ಟ್ಯಾಂಕಿನ ತಳದ ಕೆಸರು, ನಡುವಿನ ಕೊಳೆನೀರು, ಮೇಲಿನ ನೊರೆ, ಎಲ್ಲ ಸೇರಿದರೆ ಸೆಪ್ಟೇಜು. ಹಾಗೆ ಕರೆದರೆ ಒಳಗಿನ ವಿಷಗಾಳಿ ಓಡಿಹೋಗುವುದಿಲ್ಲ. ಪೌರಕಾರ್ಮಿಕ ಓಬಳೇಶನ ಅಣ್ಣ ಇಂಥದೇ ಗುಂಡಿಯಿಂದ ಹೆಣವಾಗಿ ಮೇಲೆ ಬಂದಿದ್ದ.

ಜಗಳ ಆಡಿ ಆಡಿ ಓಬಳೇಶನಿಗೆ ಸಾಕಾಗಿತ್ತು. ಸುಮ್ಮನೆ ಹೋಗಿ ಹಾರ, ತೆಂಗಿನಕಾಯಿ ತಂದ. ಫೋಟೋದವನನ್ನೂ ಕರೆತಂದ. ಜನ ಸೇರಿದರು. ಅಧ್ಯಕ್ಷರ ಕೊರಳಿಗೆ ಹಾರ ಬಿತ್ತು.

"ರಸ್ತೆಯಾಗಲಿ ಚರಂಡಿಯಾಗಲಿ, ಮೊದಲ ಗುದ್ದಲಿ ನಿಮ್ಮದೇ ಅಲ್ವಾ ಸ್ವಾಮಿ? ಇದಕ್ಕೂ ನೀವೇ ಚಾಲನೆ ಕೊಡಬೇಕು," ಎಂದು ಓಬಳೇಶ ಗುಂಡಿಗೆ ಏಣಿ ಇಳಿಬಿಟ್ಟ. "ಒಳಗಿಳಿದು ಒಂದೇ ಏಟು ಹಾಕಿ. ಫೋಟೋ ಚೆನ್ನಾಗಿ ಬರುತ್ತೆ."

ಅಧ್ಯಕ್ಷರು ಬಗ್ಗಿ ನೋಡಿ, ಮೂಗು ಹಿಡಿದು ಹಿಂದಕ್ಕೆ ಹಾರಿದರು. "ನನ್ನನ್ನೇ ಸಾಯಿಸ್ತೀಯೇನೋ!"

"ಸೆಪ್ಟೇಜು ತಾನೇ ಸ್ವಾಮಿ?"

ಜನ ಗೊಳ್ಳೆಂದರು. "ಕೊಳೆ ಹೀರುವ ಯಂತ್ರ ತರಿಸ್ರೋ!" ಎಂದು ಕೂಗುತ್ತ ಅಧ್ಯಕ್ಷರು ಜೀಪು ಹತ್ತಿದರು.

ಓಬಳೇಶ ನಗಲಿಲ್ಲ. ನಾಳೆ ಇನ್ನೊಂದು ಬೀದಿಯಲ್ಲಿ ಇನ್ನೊಬ್ಬನನ್ನು ಇಳಿ ಅನ್ನುತ್ತಾರೆ. ಅದು ನಿಮ್ಮ ಬೀದಿಯಾದರೆ ಕಿಟಕಿಯಲ್ಲಿ ನಿಂತು ನೋಡಬೇಡಿ. ಹೊರಗೆ ಬನ್ನಿ, ಅಡ್ಡ ನಿಲ್ಲಿ, ಯಂತ್ರ ಬರುವವರೆಗೆ ಕದಲಬೇಡಿ.